ಗ್ರೇಟ್ ಬೇರ್ ಸರೋವರ

ಕೆನಡಾ ದೇಶದ ವಾಯವ್ಯ ಪ್ರದೇಶದಲ್ಲಿ, ಆರ್ಕ್ಟಿಕ್ ವೃತ್ತವು ಹಾದುಹೋಗುವೆಡೆ, ಗ್ರೇಟ್ ಬೇರ್ ಎಂಬ ಮಹಾಸರೋವರವಿದೆ. 'ದೊಡ್ಡ ಕರಡಿ' ಎಂಬುದು ಈ ಹೆಸರಿನ ಅರ್ಥ. ಇದರ ವಿಸ್ತಾರ ಸುಮಾರು 31,000 ಚದರ ಕಿಲೋಮೀಟರು. ಆಳ ಕೆಲವೆಡೆ 400 ಮೀಟರಿಗೂ ಮಿಗಿಲು. ಸಂಪೂರ್ಣವಾಗಿ ಕೆನಡಾದ ಗಡಿಯೊಳಗಿರುವ ಸರೋವರಗಳಲ್ಲಿ ಇದೇ ಅತ್ಯಂತ ದೊಡ್ಡದು. ಆದರೂ ಇದರ ದಡದಲ್ಲಿರುವುದು ಡೆಲಿನೆ ಎಂಬ ಒಂದೇ ಊರು. ಅಲ್ಲಿ ಡೆನೆ ಜನಾಂಗದ ಕೆಲವು ನೂರು ಮಂದಿ ವಾಸಿಸುತ್ತಾರೆ.

ಹಿಮಯುಗದಲ್ಲಿ ಭಾರಿ ಹಿಮನದಿಗಳು ಇಲ್ಲಿಯ ನೆಲವನ್ನು ಕೊರೆದು ಸಾಗಿದವು. ಹಿಮವು ಕರಗಿದ ಮೇಲೆ ಆ ತಗ್ಗಿನಲ್ಲಿ ನೀರು ನಿಂತು ಸರೋವರವಾಯಿತು. ಐದು ತೋಳುಗಳನ್ನು ಚಾಚಿದಂತಿರುವ ಈ ಸರೋವರದ ನೀರು ಪಶ್ಚಿಮಕ್ಕೆ ಹರಿದು, ಮೆಕೆಂಝಿ ನದಿಯನ್ನು ಕೂಡಿ, ಆರ್ಕ್ಟಿಕ್ ಸಾಗರವನ್ನು ಸೇರುತ್ತದೆ.

ನವೆಂಬರ್ ಕೊನೆಯಿಂದ ಹೆಚ್ಚುಕಡಿಮೆ ಜುಲೈವರೆಗೆ ಸರೋವರದ ಮೇಲ್ಮೈ ಹೆಪ್ಪುಗಟ್ಟಿರುತ್ತದೆ. ಮಂಜುಗಡ್ಡೆಯು ನೀರಿಗಿಂತ ಹಗುರವಾದುದರಿಂದ ಮೇಲೆಯೇ ತೇಲುತ್ತದೆ; ಅದರ ಕೆಳಗೆ ಜಲಚರಗಳ ಬಾಳು ನಡೆದೇ ಇರುತ್ತದೆ. ನೀರು ಬಹು ತಣ್ಣಗಿರುವುದರಿಂದಲೂ ಆಹಾರ ವಿರಳವಾದುದರಿಂದಲೂ ಇಲ್ಲಿಯ ಟ್ರೌಟ್ ಮೀನುಗಳು ಬಹಳ ನಿಧಾನವಾಗಿ ಬೆಳೆಯುತ್ತವೆ. ಆದರೆ ದೀರ್ಘಕಾಲ ಬದುಕುತ್ತವೆ. 1995ರಲ್ಲಿ ಗಾಳಕ್ಕೆ ಸಿಕ್ಕಿದ ಒಂದು ಮೀನು 32 ಕಿಲೋಗ್ರಾಮಿಗಿಂತ ಹೆಚ್ಚು ತೂಗಿತು. ಹೀಗೆ ನಿಧಾನವಾಗಿ ಬೆಳೆಯುವ ಮೀನನ್ನು ಮಿತಿಮೀರಿ ಹಿಡಿದರೆ ಆ ನಷ್ಟವು ಬೇಗನೆ ತುಂಬಿಬರುವುದಿಲ್ಲ. ದಡದ ಸ್ಪ್ರೂಸ್ ಕಾಡುಗಳಲ್ಲಿಯೂ ಬಯಲುಗಳಲ್ಲಿಯೂ ಕಾರಿಬೂ ಎಂಬ ಹಿಮಸಾರಂಗ, ಮೂಸ್, ತೋಳ, ಗ್ರಿಜ್ಲಿ ಕರಡಿ ಮೊದಲಾದ ಪ್ರಾಣಿಗಳು ಸಂಚರಿಸುತ್ತವೆ.

1930ರಲ್ಲಿ ಪೂರ್ವದ ದಡದಲ್ಲಿ ರೇಡಿಯಂ, ಯುರೇನಿಯಂಗಳಿರುವ ಅದಿರು ದೊರೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿಯ ಯುರೇನಿಯಂ ಅಮೆರಿಕದ ಅಣುಬಾಂಬಿನ ಯೋಜನೆಗೆ ಸಾಗಿತು. ಅದಿರಿನ ಚೀಲಗಳನ್ನು ಬೆನ್ನಮೇಲೆ ಹೊತ್ತು ಸಾಗಿಸಿದವರಲ್ಲಿ ಡೆನೆ ಜನರೂ ಇದ್ದರು. ಅದರ ಅಪಾಯವನ್ನಾಗಲಿ, ಅದು ಯಾವ ಕಾರ್ಯಕ್ಕೆ ಹೋಗುತ್ತಿದೆ ಎಂಬುದನ್ನಾಗಲಿ ಅವರಿಗೆ ಯಾರೂ ತಿಳಿಸಿರಲಿಲ್ಲ. 1998ರಲ್ಲಿ ಡೆಲಿನೆಯ ಪ್ರತಿನಿಧಿಗಳು ಜಪಾನಿನ ಹಿರೋಶಿಮಾ ನಗರಕ್ಕೆ ಹೋಗಿ, ಅಲ್ಲಿಯ ಸಂತ್ರಸ್ತರ ಮುಂದೆ ತಮ್ಮ ದುಃಖವನ್ನು ತೋಡಿಕೊಂಡರು. ತಾವು ಅರಿಯದೆ ಪಾಲುಗೊಂಡ ಕಾರ್ಯಕ್ಕೂ ಮರುಗಿದ ಅವರ ಹೃದಯವೈಶಾಲ್ಯವು ದೊಡ್ಡದು.

ಸರೋವರದ ತಳದಲ್ಲಿ ಒಂದು ಹೃದಯವು ಮಿಡಿಯುತ್ತಿದೆ, ಅದೇ ಸಕಲ ಜೀವಿಗಳಿಗೂ ಆಧಾರ ಎಂಬುದು ಡೆನೆ ಹಿರಿಯರ ನಂಬಿಕೆ. ಈ ನಂಬಿಕೆಯೇ ಅವರನ್ನು ಸರೋವರದ ಕಾವಲುಗಾರರನ್ನಾಗಿ ಮಾಡಿದೆ. 2016ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಪ್ರದೇಶವನ್ನು ಜೀವಗೋಳ ಮೀಸಲು ಪ್ರದೇಶವೆಂದು ಮಾನ್ಯಮಾಡಿತು. ನೀರನ್ನು ಬರಿಯ ಸಂಪತ್ತೆಂದು ಎಣಿಸದೆ ಜೀವವೆಂದು ಕಾಣುವವರಿರುವಲ್ಲಿ ನೀರೂ ಉಳಿಯುತ್ತದೆ, ಅದನ್ನು ನಂಬಿದ ಜೀವಿಗಳೂ ಉಳಿಯುತ್ತವೆ.