ಚರ್ಚೆ ಮುಗಿಸಿ ಬಾಗಿಲು ತಟ್ಟಿದ ಹುಡುಗರು

ಮುಂಬೈಯ ಕಾಲಾ ಘೋಡಾದಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿಯ ಮುಂದೆ ನಿಂತರೆ ರಸ್ತೆಯಾಚೆ ಎಲ್ಫಿನ್‌ಸ್ಟನ್ ಕಾಲೇಜಿನ ಕಲ್ಲಿನ ಕಟ್ಟಡ ಕಾಣುತ್ತದೆ. ಕಾಲೇಜು ಅಲ್ಲಿಗೆ ಬಂದದ್ದು 1888ರಲ್ಲಿ. ಆ ಕಾಲೇಜಿನ ಹುಡುಗರು ಕಟ್ಟಿದ ವಿಚಾರ ಸಂಘ ಅದಕ್ಕಿಂತ ನಲವತ್ತು ವರ್ಷ ಹಳೆಯದು. ಊರಿಗೆ ಇನ್ನೂ ರೈಲು ಬಂದಿರಲಿಲ್ಲ, ವಿಶ್ವವಿದ್ಯಾಲಯ ಹುಟ್ಟಿರಲಿಲ್ಲ. 1848ರ ಜೂನ್‌ನಲ್ಲಿ ಎಲ್ಫಿನ್‌ಸ್ಟನ್ ಸಂಸ್ಥೆಯ ವಿದ್ಯಾರ್ಥಿಗಳೂ ಆಗಷ್ಟೇ ಓದು ಮುಗಿಸಿದವರೂ ಪ್ರೊಫೆಸರ್ ಪ್ಯಾಟನ್ ಅವರನ್ನು ಮುಂದಿಟ್ಟುಕೊಂಡು ‘ಸ್ಟೂಡೆಂಟ್ಸ್ ಲಿಟರರಿ ಅಂಡ್ ಸೈಂಟಿಫಿಕ್ ಸೊಸೈಟಿ’ಯನ್ನು ಶುರುಮಾಡಿದರು. ಅವರಲ್ಲೊಬ್ಬರು ದಾದಾಭಾಯಿ ನವರೋಜಿ. ಆಗ ಅವರಿಗೆ ಇಪ್ಪತ್ತಮೂರು ವರ್ಷವೂ ತುಂಬಿರಲಿಲ್ಲ.

ಸಂಘದ ಕೆಲಸ ಸರಳ. ಒಬ್ಬರು ಪ್ರಬಂಧ ಬರೆದು ತಂದು ಓದಬೇಕು, ಉಳಿದವರು ಅದನ್ನು ಹಿಡಿದು ಜಗ್ಗಬೇಕು. ಹೆಸರಿನಲ್ಲಿ ಸಾಹಿತ್ಯವೂ ವಿಜ್ಞಾನವೂ ಇದ್ದರೂ ಈ ಕೂಟವನ್ನು ತತ್ವಚಿಂತನೆಯ ಸಂಘವೆಂದು ಕರೆಯಲು ನನಗೆ ಸಂಕೋಚವಿಲ್ಲ. ಭೌತಶಾಸ್ತ್ರವನ್ನೂ ಆಗ ‘ನ್ಯಾಚುರಲ್ ಫಿಲಾಸಫಿ’ ಎಂದೇ ಕರೆಯುತ್ತಿದ್ದರು. ಮುಂದೆ ದಾದಾಭಾಯಿ ಅದೇ ಸಂಸ್ಥೆಯಲ್ಲಿ ಗಣಿತದ ಜೊತೆಗೆ ಕಲಿಸಿದ್ದೂ ಅದನ್ನೇ.

‘ಸ್ಟೂಡೆಂಟ್ಸ್ ಲಿಟರರಿ ಮಿಸಲೆನಿ’ ಎಂಬ ಇಂಗ್ಲಿಷ್ ಪತ್ರಿಕೆ ಈ ಸಂಘದ್ದು. ಆದರೆ ನನಗೆ ಹೆಚ್ಚು ಪ್ರೀತಿ ಅದರ ಶಾಖೆಗಳ ಮೇಲೆ. ಇಂಗ್ಲಿಷಿನಲ್ಲಿ ಕಲಿತದ್ದು ಇಂಗ್ಲಿಷ್ ಬಲ್ಲವರಲ್ಲೇ ಉಳಿಯಬಾರದೆಂದು ಅವರು ಮರಾಠಿಗೊಂದು, ಗುಜರಾತಿಗೊಂದು ಜ್ಞಾನಪ್ರಸಾರಕ ಸಭೆ ಕಟ್ಟಿದರು. ಮರಾಠಿ ಸಭೆಯ ಅಧ್ಯಕ್ಷರು ವ್ಯಾಕರಣಕಾರ ದಾದೋಬಾ ಪಾಂಡುರಂಗ. ಅಲ್ಲಿ ಓದಿದ್ದನ್ನು ಅಚ್ಚು ಹಾಕಲು 1850ರಲ್ಲಿ ‘ಮರಾಠಿ ಜ್ಞಾನಪ್ರಸಾರಕ’ ಮಾಸಪತ್ರಿಕೆ ಹುಟ್ಟಿತು. ಮುಂದೆ 1863ರಲ್ಲಿ ‘ಮುಂಬೈಚೆ ವರ್ಣನ್’ ಬರೆದು ಈ ನಗರಕ್ಕೆ ಮರಾಠಿಯಲ್ಲಿ ಕನ್ನಡಿ ಹಿಡಿದ ಗೋವಿಂದ ನಾರಾಯಣ ಮಾಡಗಾಂವ್‌ಕರ್ ಇದಕ್ಕೆ ಬರೆಯುತ್ತಿದ್ದವರು. ಇಂಗ್ಲಿಷಿನ ವಿಚಾರವನ್ನು ಮನೆಮಾತಿಗೆ ತರಹೊರಟವನಿಗೆ ಪದಗಳೇ ಸಿಕ್ಕುವುದಿಲ್ಲ. ಹುಡುಕಬೇಕು, ಇಲ್ಲದಿದ್ದರೆ ಕಟ್ಟಬೇಕು. ಆ ತಿಣುಕಾಟದಲ್ಲೇ ಭಾಷೆ ಬೆಳೆಯುತ್ತದೆ.

ಸಂಘಕ್ಕೊಂದು ಕಟ್ಟುಪಾಡಿತ್ತು: ಮತಧರ್ಮ ಮತ್ತು ರಾಜಕೀಯದ ಚರ್ಚೆ ಕೂಡದು. ಬಿಸಿರಕ್ತದ ಹುಡುಗರಿಗೆ ಇದಕ್ಕಿಂತ ಕಷ್ಟದ ನಿಯಮ ಇನ್ನೊಂದಿರಲಾರದು. ತುಂಬಿದ ಸಭೆಯಲ್ಲಿ ಆಡಲಾಗದ್ದನ್ನು ಬಾಗಿಲು ಹಾಕಿಕೊಂಡು ಆಡಲು ಮುಂಬೈಯಲ್ಲಿ ಬೇರೆಯೇ ಜಾಗ ಹುಟ್ಟಿಕೊಂಡಿತು. ಅದೇ ದಾದೋಬಾ 1849ರ ಸುಮಾರಿಗೆ ಜಾತಿಭೇದವನ್ನು ಒಪ್ಪದವರ ಗುಪ್ತಕೂಟವಾದ ಪರಮಹಂಸ ಸಭೆಯನ್ನು ಆರಂಭಿಸಿದರು. ಸೇರುವವನು ಕ್ರೈಸ್ತರು ಬೇಯಿಸಿದ ಪಾವ್ ತಿನ್ನಬೇಕಿತ್ತು. ಇಂದು ಮುಂಬೈಯ ಮೂಲೆಮೂಲೆಯಲ್ಲಿ ವಡೆಯ ಜೊತೆ ಕೈಗೆ ಬರುವ ಆ ಪಾವ್‌ನ ಒಂದು ತುಣುಕು ಅಂದು ಜಾತಿಯಿಂದ ಹೊರಬೀಳಲು ಸಾಕಾಗಿತ್ತು. 1860ರ ಹೊತ್ತಿಗೆ ಸದಸ್ಯರ ಹೆಸರುಗಳಿದ್ದ ಕಾಗದಪತ್ರ ಕಳವಾಗಿ, ಗುಟ್ಟು ರಟ್ಟಾದ ಭಯದಲ್ಲಿ ಸಭೆ ಚದುರಿತು. ಅದರ ಬೇರಿನಿಂದಲೇ 1867ರಲ್ಲಿ ಪ್ರಾರ್ಥನಾ ಸಮಾಜ ಚಿಗುರಿತು. ಮುಂದೆ ಅದನ್ನು ಮುನ್ನಡೆಸಿದವರು ನಮ್ಮ ಹೊನ್ನಾವರದಲ್ಲಿ ಹುಟ್ಟಿ ಎಲ್ಫಿನ್‌ಸ್ಟನ್‌ನಲ್ಲಿ ಓದಿದ ನಾರಾಯಣ ಗಣೇಶ ಚಂದಾವರ್‌ಕರ್.

ವಿದ್ಯಾರ್ಥಿ ಸಂಘಕ್ಕೆ ಮರಳೋಣ. ಒಂದು ಸಭೆಯಲ್ಲಿ ಬೆಹ್ರಾಮ್‌ಜಿ ಗಾಂಧಿ ಎಂಬ ಸದಸ್ಯರು ಹೆಣ್ಣುಮಕ್ಕಳ ಓದಿನ ಬಗ್ಗೆ ಪ್ರಬಂಧ ಮಂಡಿಸಿದರು. ಪ್ಯಾಟನ್ ಅದರ ಮೇಲೆ ಮನಮುಟ್ಟುವಂತೆ ಮಾತಾಡಿದರು. ಅಲ್ಲಿಗೆ ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ದಾದಾಭಾಯಿ ಮತ್ತು ಗೆಳೆಯರು ಮನೆಮನೆಯ ಬಾಗಿಲು ತಟ್ಟಿ ಹೆಣ್ಣುಮಕ್ಕಳನ್ನು ಓದಲು ಕಳಿಸಿಕೊಡಿ ಎಂದು ಬೇಡಿದರು. ಕೆಲವರು ಜಗಲಿ ಬಿಟ್ಟುಕೊಟ್ಟರು. ಮೆಟ್ಟಿಲ ಮೇಲಿಂದ ತಳ್ಳಿಬಿಡುತ್ತೇವೆಂದು ಗದರಿದವರೂ ಇದ್ದರು. 1849ರ ಅಕ್ಟೋಬರಿನಲ್ಲಿ ಶಾಲೆಗಳು ತೆರೆದಾಗ ಬಂದದ್ದು 44 ಪಾರ್ಸಿ ಹುಡುಗಿಯರು, 24 ಹಿಂದೂ ಹುಡುಗಿಯರು. ಸಂಘದ ಯುವಕರೇ ಮೇಷ್ಟರು. ತಮ್ಮ ಕೆಲಸಕ್ಕೆ ಹೋಗುವ ಮುನ್ನ ಬೆಳಿಗ್ಗೆ ಸಂಬಳವಿಲ್ಲದೆ ಪಾಠ. ಗಿರಗಾಂವ್‌ನಲ್ಲಿ ಜಗನ್ನಾಥ ಶಂಕರಶೇಟ್ ತಮ್ಮ ವಾಡೆಯಲ್ಲೇ ಶಾಲೆಗೆ ಜಾಗ ಕೊಟ್ಟರು. ಈ ಸಂಘದ ಎಲ್ಲ ಪ್ರಕಟಣೆಗಳನ್ನೂ ತಕ್ಕಡಿಯ ಒಂದು ಕಡೆ ಇಟ್ಟರೂ ನನಗೆ ಆ ಅರವತ್ತೆಂಟು ಹುಡುಗಿಯರೇ ಭಾರವಾಗಿ ಕಾಣುತ್ತಾರೆ.

ಮುಂದಿನ ತಲೆಮಾರಿನಲ್ಲಿ ಇಲ್ಲಿ ಬೆಳಗಿದವರು ಕಾಶೀನಾಥ ತ್ರ್ಯಂಬಕ ತೇಲಂಗ್. ರಾಮಾಯಣದ ಕಥೆಗೆ ಹೋಮರನ ಮಹಾಕಾವ್ಯಗಳ ಋಣವಿದೆ, ಸೀತಾಪಹರಣ ಲಂಕಾಯುದ್ಧಗಳು ಹೆಲೆನ್ ಮತ್ತು ಟ್ರಾಯ್‌ನ ನೆರಳು ಎಂದು ಜರ್ಮನಿಯ ದೊಡ್ಡ ವಿದ್ವಾಂಸ ವೇಬರ್ ವಾದಿಸಿದ್ದರು. 1872ರಲ್ಲಿ ಈ ಸಂಘದ ಎದುರು ಅದಕ್ಕೆ ಉತ್ತರ ಓದಿದ ತೇಲಂಗರಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ವರ್ಷ. ಕೋಪವಿಲ್ಲ, ಧರ್ಮಕ್ಕೆ ಅವಮಾನವಾಯಿತೆಂಬ ಗೋಳಿಲ್ಲ. ವೇಬರ್ ಒಡ್ಡಿದ ಆಧಾರಗಳನ್ನು ಒಂದೊಂದಾಗಿ ತೂಗಿ ನೋಡುವ ತಾಳ್ಮೆ. ಪ್ರಬಂಧ ಮರುವರ್ಷ ಪುಸ್ತಕವಾಯಿತು. ಇದೇ ತೇಲಂಗ್ 1882ರಲ್ಲಿ ಮ್ಯಾಕ್ಸ್ ಮುಲ್ಲರರ ಗ್ರಂಥಮಾಲೆಗೆ ಭಗವದ್ಗೀತೆಯನ್ನು ಇಂಗ್ಲಿಷಿಗೆ ತಂದರು, 1892ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಮೊದಲ ಭಾರತೀಯ ಕುಲಪತಿಯಾದರು.

ಓದುತ್ತ ಹೋದಂತೆ ನನ್ನನ್ನು ಕಾಡಿದ್ದು ಒಂದೇ ಕೊರತೆ. ಮರಾಠಿ, ಗುಜರಾತಿಗಳ ಜೊತೆ ಕನ್ನಡಕ್ಕೊಂದು ಶಾಖೆ ಇರಲಿಲ್ಲ. ಧಾರವಾಡ, ಬೆಳಗಾವಿಗಳು ಮುಂಬೈ ಆಡಳಿತದಲ್ಲೇ ಇದ್ದವು. ಆದರೆ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಅಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ, ಅದರ ‘ವಾಗ್ಭೂಷಣ’ ಬಂದದ್ದು 1896ರಲ್ಲಿ. ಮರಾಠಿ ಜ್ಞಾನಪ್ರಸಾರಕದ ಹುಟ್ಟಿಗೂ ಅದಕ್ಕೂ ನಡುವೆ ನಲವತ್ತಾರು ವರ್ಷ.

1886ರಲ್ಲಿ ತೇಲಂಗ್ ಮತ್ತೆ ಇದೇ ಸಂಘದ ಮುಂದೆ ಎದ್ದು ನಿಂತರು. ಮೊದಲು ಸಮಾಜ ಸುಧಾರಣೆಯೋ, ರಾಜಕೀಯ ಸುಧಾರಣೆಯೋ ಎಂಬುದು ಅಂದಿನ ಪ್ರಶ್ನೆ. ಒಂದು ಮುಗಿಯುವ ತನಕ ಇನ್ನೊಂದು ಕಾಯಬೇಕಿಲ್ಲ ಎಂದು ಅವರು ವಾದಿಸಿದರು. ಹುಟ್ಟುವಾಗ ರಾಜಕೀಯವನ್ನು ಬಾಗಿಲ ಹೊರಗೆ ನಿಲ್ಲಿಸಿದ್ದ ಸಂಘದಲ್ಲಿ ನಡೆದ ಆ ಭಾಷಣಕ್ಕೆ ಎರಡು ತಿಂಗಳ ಹಿಂದಷ್ಟೇ, ಅದೇ ಊರಿನಲ್ಲಿ, ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆದಿತ್ತು.