ಆರೋಗ್ಯ ಸೇವೆ: ಮನವಿಯಷ್ಟೇ ಸಾಲದು, ಲೆಕ್ಕವೂ ಬೇಕು

ಬೆಳಗಾವಿ: ಖಾನಾಪುರ ತಾಲ್ಲೂಕಿನ ಭೀಮಗಡ ಅರಣ್ಯದೊಳಗಿನ ಹಳ್ಳಿಗಳಿಂದ ಮಳೆಗಾಲದಲ್ಲಿ ರೋಗಿಗಳನ್ನು ಹೊತ್ತು ತರುವ ಸಂಗತಿ ಪದೇ ಪದೇ ಸುದ್ದಿಯಾಗಿದೆ. ಆದರೆ ಕೇವಲ ಮನವಿ ಪತ್ರದಿಂದ ಆರೋಗ್ಯ ಸೇವೆಗೆ ಹಣ ಬಾರದು.

ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಅನುದಾನದ ದಾರಿ ನಿಶ್ಚಿತ. ಜಿಲ್ಲಾ ಕ್ರಿಯಾ ಯೋಜನೆಗೆ ಸೇರಿದ ಪ್ರಸ್ತಾವ, ರಾಜ್ಯದ ಅನುಷ್ಠಾನ ಯೋಜನೆಯ ಮೂಲಕ ಕೇಂದ್ರಕ್ಕೆ ಸಲ್ಲುತ್ತದೆ. ಒಪ್ಪಿಗೆ ದೊರೆತರೆ ಕೇಂದ್ರ ಶೇ 60, ರಾಜ್ಯ ಶೇ 40ರಷ್ಟು ವೆಚ್ಚ ಭರಿಸುತ್ತವೆ.

ತೊಡಕಿರುವುದು ಮಾನದಂಡದಲ್ಲಿ. ಬಯಲು ಪ್ರದೇಶದಲ್ಲಿ 5,000, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಉಪಕೇಂದ್ರ. ಚದುರಿದ ಪುಟ್ಟ ಹಳ್ಳಿಗಳು ಈ ಲೆಕ್ಕದಲ್ಲಿ ಸೋಲುತ್ತವೆ. ಆದ್ದರಿಂದ ಪ್ರಸ್ತಾವದಲ್ಲಿ ತಲೆಯೆಣಿಕೆಗಿಂತ ಕಾಲದ ಎಣಿಕೆ ಮುಖ್ಯ: ನಡಿಗೆಗೆ ಎಷ್ಟು ಹೊತ್ತು, ಹಳ್ಳ ತುಂಬಿ ದಾರಿ ಮುಚ್ಚುವ ದಿನಗಳೆಷ್ಟು, ವರ್ಷಕ್ಕೆ ಹೆರಿಗೆಗಳೆಷ್ಟು? ಆಯ್ದ ಗುಡ್ಡಗಾಡು ಜಿಲ್ಲೆಗಳಿಗೆ 30 ನಿಮಿಷಗಳ ನಡಿಗೆಯ ಅಳತೆಯನ್ನು ಕೇಂದ್ರವೇ ಒಪ್ಪಿರುವುದು ಈ ವಾದಕ್ಕೆ ಬಲ ನೀಡುತ್ತದೆ.

ಕಟ್ಟಡದ ವೆಚ್ಚ ಒಮ್ಮೆ. ವೇತನ, ಔಷಧಿ, ಇಂಧನದ ವೆಚ್ಚ ಪ್ರತಿ ವರ್ಷ. ಇವನ್ನು ಪ್ರತ್ಯೇಕವಾಗಿ ತೋರಿಸಬೇಕು. ಪರ್ಯಾಯಗಳ ಹೋಲಿಕೆಯೂ ಅಗತ್ಯ. ಸಂಚಾರಿ ಘಟಕ ಅಗ್ಗವೆನಿಸಬಹುದು. ಹಳ್ಳ ತುಂಬಿದ ದಿನ ಅದೂ ಊರು ತಲುಪದು. ಏನನ್ನೂ ಮಾಡದಿದ್ದರೆ ತೆರಬೇಕಾದ ಬೆಲೆಯನ್ನೂ ಬರೆಯಬೇಕು. ಬೆಳಗಾವಿಯ ಆಸ್ಪತ್ರೆಗೆ ತಡವಾಗಿ ತಲುಪುವ ಗರ್ಭಿಣಿಯೇ ಆ ಬೆಲೆ ತೆರುವವಳು.