ತಪಸ್ಸುಕಾಲದ ಊಟ, ಕಾಫಿ ಮತ್ತು ನಿದ್ರೆ



ಬೂದಿ ಬುಧವಾರ ಹಣೆಗೆ ಬೂದಿ ಧರಿಸಿ ಮನೆಗೆ ಮರಳುವ ನಮ್ಮಲ್ಲಿ ಅನೇಕರು ಎರಡು ಸಂಕಲ್ಪಗಳನ್ನು ಮಾಡುತ್ತೇವೆ: ಪಾಸ್ಖ ಹಬ್ಬದವರೆಗೆ ಮಾಂಸ ತಿನ್ನುವುದಿಲ್ಲ, ಕಾಫಿ ಕುಡಿಯುವುದಿಲ್ಲ. ನಲವತ್ತು ದಿನವೂ ಹೀಗಿರಬೇಕೆಂದು ಧರ್ಮಸಭೆಯ ಕಟ್ಟಳೆಯಿಲ್ಲ. ಅದು ನಾವಾಗಿಯೇ ಪ್ರೀತಿಯಿಂದ ಅರ್ಪಿಸುವ ತ್ಯಾಗ. ಆದರೆ ಎರಡನೆಯ ದಿನಕ್ಕೇ ತಲೆಸಿಡಿತ, ಮನೆಯವರ ಮೇಲೆ ಸಿಡುಕು, ಶಿಲುಬೆಹಾದಿಯ ಪ್ರಾರ್ಥನೆಯಲ್ಲಿ ತೂಕಡಿಕೆ! ಹೀಗೇಕಾಗುತ್ತದೆ?

ನಾವು ಎಚ್ಚರವಾಗಿದ್ದಷ್ಟೂ ಹೊತ್ತು ಮೆದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಹೆಚ್ಚುತ್ತಾ ಹೋಗಿ ನಿದ್ದೆ ಬರಿಸುತ್ತದೆ. ಕಾಫಿ, ಟೀಗಳಲ್ಲಿರುವ ಕೆಫೀನ್ ಅದರ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಆಗ ದಣಿವು ಹೋಗುವುದಿಲ್ಲ, ನಮಗೆ ತಿಳಿಯುವುದಿಲ್ಲ ಅಷ್ಟೆ. ಕುಡಿದ ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 5ಕ್ಕೆ ಕುಡಿದ ಕಾಫಿಯ ಅರ್ಧ ಪ್ರಭಾವ ರಾತ್ರಿ 10ಕ್ಕೂ ಉಳಿದಿರುತ್ತದೆ. ಮಲಗುವ 6 ಗಂಟೆ ಮುಂಚೆ 400 ಮಿಲಿಗ್ರಾಂ ಕೆಫೀನ್ ಸೇವಿಸಿದವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾದದ್ದನ್ನು 2013ರ ಒಂದು ಅಧ್ಯಯನ ತೋರಿಸಿತು. ಆದ್ದರಿಂದ ಕಾಫಿ ಬಿಟ್ಟವರಿಗೆ ಕ್ರಮೇಣ ಒಳ್ಳೆಯ ನಿದ್ದೆ ಬರುವ ಸಂಭವವಿದೆ.

ಆದರೆ ಒಮ್ಮೆಲೇ ಬಿಟ್ಟರೆ ದೇಹ ಪ್ರತಿಭಟಿಸುತ್ತದೆ. 12ರಿಂದ 24 ಗಂಟೆಗಳೊಳಗೆ ತಲೆನೋವು, ಮಂಪರು, ಸಿಡಿಮಿಡಿ ಶುರುವಾಗಿ ಕೆಲವರಲ್ಲಿ ಒಂದು ವಾರದವರೆಗೂ ಇರುತ್ತವೆ. ಇದು ಭಕ್ತಿಯ ಕೊರತೆಯಲ್ಲ. ಬೂದಿ ಬುಧವಾರಕ್ಕೆ ಎರಡು ವಾರ ಮುಂಚಿನಿಂದಲೇ ದಿನಕ್ಕೆ ಅರ್ಧ ಲೋಟದಂತೆ ಇಳಿಸುತ್ತಾ, ಮೊದಲು ಸಂಜೆಯ ಕಾಫಿ ಬಿಡುವುದು ಜಾಣತನ. ಕಾಫಿಯ ಬದಲು ಟೀ ಕುಡಿದರೆ ಕೆಫೀನ್ ಬಿಟ್ಟಂತಾಗದು.

ಇನ್ನು ಸಸ್ಯಾಹಾರ. ಮಾಂಸ ಬಿಟ್ಟ ಮಾತ್ರಕ್ಕೆ ನಿದ್ದೆ ಸುಧಾರಿಸುತ್ತದೆಂದು ಹೇಳಲಾಗದು. ಅದರ ಜಾಗದಲ್ಲಿ ಏನು ತಿನ್ನುತ್ತೇವೆ ಎಂಬುದು ಮುಖ್ಯ. ನಾರಿನಂಶ ಹೆಚ್ಚಿದ್ದಾಗ ಗಾಢ ನಿದ್ದೆ, ಜಿಡ್ಡು ಮತ್ತು ಸಕ್ಕರೆ ಹೆಚ್ಚಿದ್ದಾಗ ಹಗುರ ನಿದ್ದೆ ಕಂಡುಬಂದದ್ದನ್ನು 2016ರ ಒಂದು ಸಣ್ಣ ಅಧ್ಯಯನ ವರದಿ ಮಾಡಿತು. ರಾಗಿಮುದ್ದೆ, ಸೊಪ್ಪಿನ ಸಾರು, ಹುರುಳಿ, ಹೆಸರುಕಾಳು ನಮ್ಮ ಮನೆಗಳಲ್ಲೇ ಇವೆ. ಮಾಂಸ ಬಿಟ್ಟು ರಾತ್ರಿ ಹತ್ತಕ್ಕೆ ಪೂರಿ, ಬೋಂಡಾ, ಪಾಯಸ ಉಂಡರೆ ತ್ಯಾಗವೂ ಇಲ್ಲ, ನಿದ್ದೆಯೂ ಇಲ್ಲ. ಮಲಗುವ ಎರಡು ಮೂರು ಗಂಟೆ ಮುಂಚೆ ಮಿತವಾಗಿ ಉಣ್ಣೋಣ.

ರಕ್ತಹೀನತೆ ಇರುವವರು ಎಚ್ಚರದಿಂದಿರಬೇಕು. ಕಬ್ಬಿಣಾಂಶ ಕಡಿಮೆಯಾದರೆ ಕೆಲವರಿಗೆ ರಾತ್ರಿ ಕಾಲುಗಳಲ್ಲಿ ಚಡಪಡಿಕೆಯಾಗಿ ನಿದ್ದೆ ಕೆಡುತ್ತದೆ. ಕಾಳು, ಸೊಪ್ಪಿಗೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ. ಗರ್ಭಿಣಿಯರು, ಬಾಣಂತಿಯರು, ರೋಗಿಗಳು ವೈದ್ಯರ ಮಾತು ಕೇಳಲಿ. ಅವರ ಮೇಲೆ ಭಾರ ಹೊರಿಸುವುದು ಧರ್ಮಸಭೆಯ ಇಚ್ಛೆಯಲ್ಲ.

ಪ್ರವಾದಿ ಎಲೀಯನನ್ನು ನೆನೆಯೋಣ. ಬಳಲಿ, ಸಾವನ್ನೇ ಬೇಡಿ ಮರುಭೂಮಿಯಲ್ಲಿ ಮಲಗಿದ ಅವನನ್ನು ದೇವದೂತನು ಗದರಿಸಲಿಲ್ಲ. ರೊಟ್ಟಿ, ನೀರು ಕೊಟ್ಟನು. ಮತ್ತೆ ಮಲಗಲು ಬಿಟ್ಟನು. ಮತ್ತೆ ಎಬ್ಬಿಸಿ ಉಣಿಸಿದನು. ಆ ಬಲದಿಂದ ಎಲೀಯನು ನಲವತ್ತು ದಿನ ನಡೆದು ದೇವರ ಬೆಟ್ಟವನ್ನು ಸೇರಿದನು. ಸರಳ ಊಟ ಮತ್ತು ನಿದ್ದೆ ದೇವರು ಅವನಿಗೆ ಕೊಟ್ಟ ದಾರಿಬುತ್ತಿ. ನಮ್ಮ ನಲವತ್ತು ದಿನಗಳಿಗೂ ಅದೇ ಬುತ್ತಿ ಸಾಕು. ಮಾಂಸ, ಕಾಫಿ ಬಿಟ್ಟು ಉಳಿಸಿದ ಹಣ ಬಡವರ ಕೈಸೇರಲಿ. ಚೆನ್ನಾಗಿ ನಿದ್ರಿಸಿ ಎದ್ದ ನಮ್ಮ ಬಾಯಿಂದ ಮನೆಯವರಿಗೆ ಮೃದುವಾದ ಮಾತು ಬರಲಿ. ಅಂಥ ಉಪವಾಸವನ್ನು ಪ್ರಭು ಮೆಚ್ಚಿ ಆಶೀರ್ವದಿಸಲಿ.